ಅಸ್ಥಿಮಜ್ಜೆ ಕಸಿ ಮತ್ತು ಮನಸ್ಸು: ಪದೇ ಪದೇ ಕೇಳುವ ಪ್ರಶ್ನೆಗಳು

ಅಸ್ಥಿಮಜ್ಜೆ ಕಸಿ ವಾರ್ಡಿನಲ್ಲಿ ರೋಗಿಗಳ ಜೊತೆ, ಅವರ ಮನೆಯವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ರಕ್ತದ ವಿಷಯ ಡಾಕ್ಟರು ನೋಡಿಕೊಳ್ಳುತ್ತಾರೆ. ನನ್ನ ಹತ್ತಿರ ಬರುವ ಪ್ರಶ್ನೆಗಳು ಬೇರೆ. ಕೆಲವನ್ನು ನೇರವಾಗಿ ಕೇಳುತ್ತಾರೆ. ಕೆಲವನ್ನು ಬಾಗಿಲು ಮುಚ್ಚಿದೆಯಾ ಅಂತ ನೋಡಿಕೊಂಡು ಕೇಳುತ್ತಾರೆ. ಎರಡೂ ಥರದ್ದು ಇಲ್ಲಿವೆ. ಔಷಧಿ ವಿಷಯದಲ್ಲಿ ಮಾತ್ರ ನಿಮ್ಮ ರಿಪೋರ್ಟ್ ನೋಡಿರುವ ಡಾಕ್ಟರ ಮಾತೇ ಕೊನೆ.

## ಸೇರುವ ಮುಂಚೆ

ಆಪರೇಷನ್ ಎಷ್ಟು ಗಂಟೆ ಹಿಡಿಯುತ್ತೆ?

ಇದರಲ್ಲಿ ರೋಗಿಗೆ ಆಪರೇಷನ್ ಇಲ್ಲ. ಎದೆ ಅಥವಾ ಕುತ್ತಿಗೆ ಹತ್ತಿರ ಹಾಕಿರುವ ನಳಿಕೆಯ ಮೂಲಕ, ರಕ್ತ ಏರಿಸಿದ ಹಾಗೆಯೇ ಸ್ಟೆಮ್ ಸೆಲ್, ಅಂದರೆ ಮೂಳೆಯೊಳಗಿನ ಮಜ್ಜೆಯಲ್ಲಿ ಕೂತು ಹೊಸ ರಕ್ತ ಹುಟ್ಟಿಸುವ ಮೂಲಕೋಶ, ಏರಿಸುತ್ತಾರೆ. ಅದಕ್ಕೆ ಮುಂಚಿನ ದಿನಗಳಲ್ಲಿ ಭಾರೀ ಡೋಸಿನ ಕೀಮೋ ಇರುತ್ತದೆ. ಕೆಲವರಿಗೆ ಇಡೀ ಮೈಗೆ ರೇಡಿಯೇಷನ್ನೂ ಇರುತ್ತದೆ. ನಿಮ್ಮದೇ ಸೆಲ್ ತೆಗೆದಿಟ್ಟು ವಾಪಸ್ ಕೊಟ್ಟರೆ ಅದು ಆಟೋಲೋಗಸ್ ಕಸಿ. ಬೇರೆಯವರದ್ದು ಕೊಟ್ಟರೆ ಅಲೋಜೆನಿಕ್. ಏರಿಸುವ ದಿನವನ್ನು ಡೇ ಝೀರೋ ಅನ್ನುತ್ತಾರೆ. ಆಮೇಲೆ ನಿಮ್ಮ ಮನೆಯವರೆಲ್ಲ ಆ ಲೆಕ್ಕದಲ್ಲೇ ಮಾತಾಡುತ್ತಾರೆ: ಡೇ ಐದು, ಡೇ ಹನ್ನೊಂದು.

ಡೇ ಝೀರೋ ಬಗ್ಗೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ತಿಂಗಳುಗಟ್ಟಲೆ ಕಾದ ದಿನ ಅದು. ಬರುವುದು ಮಾತ್ರ ಒಂದು ಸಣ್ಣ ಚೀಲ. ಕೆಲವರಿಗೆ ಗಂಟೆಯೊಳಗೇ ಮುಗಿದುಹೋಗುತ್ತದೆ. "ಇಷ್ಟೇನಾ?" ಅಂತ ಕೇಳಿ ಅತ್ತವರನ್ನು ನೋಡಿದ್ದೇನೆ. ಹಾಗೆ ಅನ್ನಿಸುವುದು ಸಹಜ. ಇನ್ನೊಂದು ವಿಷಯ: ಸೆಲ್ ಅನ್ನು ಹಿಮಗಟ್ಟಿಸಿ ಇಟ್ಟಿದ್ದರೆ, ಅದನ್ನು ಕಾಪಾಡಲು ಸೇರಿಸುವ ಡಿಎಂಎಸ್‌ಒ ದ್ರಾವಣದಿಂದ ಉಸಿರು, ಮೈ ಎಲ್ಲ ಒಂದೆರಡು ದಿನ ಬೆಳ್ಳುಳ್ಳಿ ಥರ ವಾಸನೆ ಬರುತ್ತದೆ. ಅದು ಒಳಗೆ ಬಂದವರಿಗೆ ಜಾಸ್ತಿ ಗೊತ್ತಾಗುತ್ತದೆ. ದಯವಿಟ್ಟು ಮುಖ ಸಿಂಡರಿಸಬೇಡಿ. ಮಲಗಿರುವವರು ನಿಮ್ಮ ಮುಖವನ್ನೇ ನೋಡುತ್ತಿರುತ್ತಾರೆ.

ಕಾಯಿಲೆ ಇರೋದು ರಕ್ತದಲ್ಲಿ. ಮನಸ್ಸಿನ ಡಾಕ್ಟರ್ ಯಾಕೆ? ನನಗೇನು ತಲೆ ಕೆಟ್ಟಿದೆಯಾ?

ಇಲ್ಲ. ಹೃದಯ, ಶ್ವಾಸಕೋಶ, ಕಿಡ್ನಿ, ಹಲ್ಲು ಎಲ್ಲ ಪರೀಕ್ಷೆ ಮಾಡಿಸಿದಿರಿ ಅಲ್ವಾ? ಇದೂ ಹಾಗೆಯೇ. ದೊಡ್ಡ ಹೊರೆ ಬೀಳುವ ಮುಂಚೆ ಎಲ್ಲೆಲ್ಲಿ ಆಸರೆ ಬೇಕು ಅಂತ ನೋಡುವುದು. ಸಾಮಾನ್ಯವಾಗಿ ಒಂದು ಕಾಗದ ಕೊಟ್ಟು, ಈ ವಾರ ನಿಮ್ಮ ಸಂಕಟ 0ಯಿಂದ 10ರಲ್ಲಿ ಎಷ್ಟು ಅಂತ ಕೇಳುತ್ತಾರೆ. 4 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕೂತು ವಿಚಾರಿಸುತ್ತಾರೆ.

ಹಿಂದೆ ಡಿಪ್ರೆಷನ್ ಆಗಿತ್ತು, ನಿದ್ರೆ ಮಾತ್ರೆ ತಗೊಳ್ಳುತ್ತಿದ್ದೆ, ಕುಡಿತ ಇತ್ತು ಅನ್ನುವುದನ್ನು ಮುಚ್ಚಿಡಬೇಡಿ. ಹೇಳಿದರೆ ಕಸಿ ಕ್ಯಾನ್ಸಲ್ ಮಾಡಿಬಿಡುತ್ತಾರೆ ಅಂತ ಬಹಳ ಜನ ಹೆದರುತ್ತಾರೆ. ಈ ಮಾಹಿತಿ ಬೇಕಾಗಿರುವುದು ತಯಾರಿ ಮಾಡಿಕೊಳ್ಳುವುದಕ್ಕೆ. ದಿನಾ ತಗೊಳ್ಳುತ್ತಿದ್ದ ನಿದ್ರೆ ಮಾತ್ರೆಯನ್ನು ವಾರ್ಡಿಗೆ ಬಂದ ದಿನ ದಿಢೀರನೆ ನಿಲ್ಲಿಸಿದರೆ ನಡುಕ, ಗೊಂದಲ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ಯಾರಿಗೂ ಕಾರಣ ಗೊತ್ತಿಲ್ಲದಿದ್ದರೆ ಅದು ಅಪಾಯ.

ಪ್ಯಾಲಿಯೇಟಿವ್ ಕೇರ್‌ನವರೂ ನೋಡಲಿ ಅಂದರು. ಅಂದರೆ ಆಸೆ ಬಿಟ್ಟರಾ?

ಈ ಹೆಸರು ಕೇಳಿದ ತಕ್ಷಣ ಮನೆಯವರ ಮುಖ ಬಿಳಿಚಿಕೊಳ್ಳುತ್ತದೆ. ಅದು ಬರೀ ಕೊನೆ ದಿನಗಳ ಆರೈಕೆ ಅನ್ನುವ ತಿಳಿವಳಿಕೆ ತಪ್ಪು. ನೋವು, ವಾಂತಿ, ನಿದ್ರೆ, ಭಯ ಇವನ್ನು ನೋಡಿಕೊಳ್ಳುವ ತಜ್ಞರು ಅವರು. ಗುಣಪಡಿಸುವ ಚಿಕಿತ್ಸೆಯ ಜೊತೆಜೊತೆಗೇ ಬರುತ್ತಾರೆ.

ಇದಕ್ಕೆ ಆಧಾರವೂ ಇದೆ. 2016ರಲ್ಲಿ ಅಮೆರಿಕದ ಒಂದು ಅಧ್ಯಯನ ಪ್ರಕಟವಾಯಿತು. ಕಸಿಗೆ ಸೇರಿದ 160 ಜನರಲ್ಲಿ ಹೆಚ್ಚುಕಡಿಮೆ ಅರ್ಧ ಜನರ ಆರೈಕೆಗೆ ಆಸ್ಪತ್ರೆಯಲ್ಲಿದ್ದಷ್ಟು ದಿನ ಪ್ಯಾಲಿಯೇಟಿವ್ ತಂಡವನ್ನೂ ಸೇರಿಸಿದರು. ಎರಡು ವಾರದ ಹೊತ್ತಿಗೆ ಆ ಗುಂಪಿನವರ ಆತಂಕ, ನರಳಾಟ ಉಳಿದವರಿಗಿಂತ ಕಡಿಮೆ ಇತ್ತು. ಆರು ತಿಂಗಳಾದ ಮೇಲೂ ಡಿಪ್ರೆಷನ್ ಲಕ್ಷಣಗಳು, ಆಘಾತದ ನೆನಪು ಕಾಡುವುದು ಅವರಲ್ಲಿ ಕಡಿಮೆ ಕಂಡವು. ಯಾರಾದರೂ ಪ್ಯಾಲಿಯೇಟಿವ್ ತಂಡವನ್ನು ಕಳಿಸುತ್ತೇವೆ ಅಂದರೆ ಬೇಡ ಅನ್ನಬೇಡಿ. ಅವರು ಹೇಳದಿದ್ದರೆ ನೀವೇ ಕೇಳಿ.

ಮುಂದೆ ಮಕ್ಕಳಾಗುತ್ತಾ ಅಂತ ಕೇಳೋಕೆ ಇದು ಸಮಯಾನಾ?

ಇದೇ ಸಮಯ. ಕೀಮೋ ಶುರುವಾದ ಮೇಲೆ ಕೇಳಿದರೆ ತಡವಾಗಬಹುದು. ಭಾರೀ ಡೋಸಿನ ಕೀಮೋ, ರೇಡಿಯೇಷನ್ ಎರಡೂ ಮಕ್ಕಳಾಗುವ ಶಕ್ತಿಯನ್ನು ಕುಗ್ಗಿಸುತ್ತವೆ, ಬಹಳ ಜನರಲ್ಲಿ ಶಾಶ್ವತವಾಗಿ. ವೀರ್ಯ, ಅಂಡಾಣು ಅಥವಾ ಭ್ರೂಣ ಶೇಖರಿಸಿಡುವ ದಾರಿಗಳಿವೆ. ಕಾಯಿಲೆ ಅವಸರ ಮಾಡುತ್ತಿದ್ದರೆ ಕೆಲವೊಮ್ಮೆ ಅಷ್ಟು ಸಮಯ ಸಿಗುವುದಿಲ್ಲ. ಆದರೂ ಕೇಳಿ. "ಜೀವ ಉಳಿದರೆ ಸಾಕು, ಇದೆಲ್ಲ ಯಾಕೆ" ಅಂತ ಹಿರಿಯರು ಬಾಯಿ ಮುಚ್ಚಿಸಿದ್ದನ್ನು ವರ್ಷಗಳಾದ ಮೇಲೂ ಮರೆಯದ ಹುಡುಗಿಯರು ನನ್ನ ಮುಂದೆ ಕೂತಿದ್ದಾರೆ.

ಅಪ್ಪನಿಗೆ ಪೂರ್ತಿ ಹೇಳಿಲ್ಲ. ಹೇಳಿದರೆ ಕುಸಿದುಬಿಡ್ತಾರೆ ಅಲ್ವಾ?

ಅವರಿಗೆ ಅರ್ಧ ಗೊತ್ತಿರುತ್ತದೆ. ಇನ್ನರ್ಧವನ್ನು ರಾತ್ರಿ ಒಬ್ಬರೇ ಊಹಿಸುತ್ತಿರುತ್ತಾರೆ. ಆ ಊಹೆ ನಿಜಕ್ಕಿಂತ ಕೆಟ್ಟದಾಗಿರುತ್ತದೆ. ಎಲ್ಲವನ್ನೂ ಒಂದೇ ದಿನ ಸುರಿಯುವುದು ಬೇಡ. "ಅಪ್ಪಾ, ಡಾಕ್ಟರು ಏನು ಹೇಳಿದರು ಅಂತ ಎಷ್ಟು ತಿಳ್ಕೋಬೇಕು ಅನ್ಸುತ್ತೆ ನಿಮಗೆ?" ಅಂತ ಕೇಳಿ. ಕೆಲವರು ಎಲ್ಲವನ್ನೂ ಕೇಳುತ್ತಾರೆ. ಕೆಲವರು "ನೀನೇ ನೋಡ್ಕೋ" ಅನ್ನುತ್ತಾರೆ. ಎರಡೂ ಅವರ ಹಕ್ಕು. ಕಸಿಗೆ ಒಪ್ಪಿಗೆ ಸಹಿ ಹಾಕುವವರು ಅವರು, ಅದನ್ನು ಮರೆಯಬೇಡಿ.

## ಆ ರೂಮಿನೊಳಗೆ

ಮೂರ್ನಾಲ್ಕು ವಾರ ಒಂದೇ ರೂಮಲ್ಲಿ ಹೇಗೆ ಇರೋದು?

ಮೊದಲ ಮೂರು ದಿನ ಹೇಗೋ ಹೋಗುತ್ತದೆ. ಕಷ್ಟ ಶುರುವಾಗುವುದು ಆಮೇಲೆ. ಕೌಂಟ್, ಅಂದರೆ ರಕ್ತಕಣಗಳ ಸಂಖ್ಯೆ, ಕೆಳಗಿಳಿಯುತ್ತದೆ, ಬಾಯಿ ಹುಣ್ಣಾಗುತ್ತದೆ, ಕೂದಲು ದಿಂಬಿನ ಮೇಲೆ ಉದುರುತ್ತದೆ. ಇನ್ಫೆಕ್ಷನ್ ತಗಲದಿರಲಿ ಅಂತ ಬರುವವರೆಲ್ಲ ಮಾಸ್ಕ್ ಹಾಕಿರುತ್ತಾರೆ. ಒಬ್ಬರ ಪೂರ್ತಿ ಮುಖ ನೋಡಿ ವಾರಗಳಾಗಿರುತ್ತವೆ. ನ್ಯೂಟ್ರೋಫಿಲ್ ಅನ್ನುವ, ಇನ್ಫೆಕ್ಷನ್ ಜೊತೆ ಹೋರಾಡುವ ಬಿಳಿ ರಕ್ತಕಣಗಳ ಲೆಕ್ಕ ಸತತ ಮೂರು ದಿನ 500ರ ಮೇಲೆ ನಿಂತರೆ ಸೆಲ್ ಹತ್ತಿಕೊಂಡಿದೆ, ಅಂದರೆ ಬೇರೂರಿ ಹೊಸ ರಕ್ತ ಮಾಡುತ್ತಿದೆ ಅನ್ನುತ್ತಾರೆ. ಅದಕ್ಕೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು.

ನನ್ನ ಅನುಭವದಲ್ಲಿ ಜಾಸ್ತಿ ಉಪಯೋಗಕ್ಕೆ ಬರುವುದು ದಿನಕ್ಕೊಂದು ಆಕಾರ ಕೊಡುವುದು. ಬೆಳಿಗ್ಗೆ ಪರದೆ ಸರಿಸಿ. ರಾತ್ರಿ ಹಾಕಿದ್ದ ಬಟ್ಟೆ ಬದಲಿಸಿ. ಶಕ್ತಿ ಇದ್ದರೆ ಕುರ್ಚಿಯಲ್ಲಿ ಕೂರಿ, ಡಾಕ್ಟರು ಬೇಡ ಅಂದಿಲ್ಲದಿದ್ದರೆ ರೂಮಿನೊಳಗೇ ನಾಲ್ಕು ಹೆಜ್ಜೆ ನಡೆಯಿರಿ. ಗಡಿಯಾರ, ಕ್ಯಾಲೆಂಡರ್ ಮಲಗಿದಲ್ಲಿಂದ ಕಾಣುವ ಹಾಗೆ ಇರಲಿ. ಒಬ್ಬ ಹುಡುಗ ಕಿಟಕಿಯಿಂದ ಕಾಣುವ ಒಂದು ಕಟ್ಟಡ ಎದ್ದೇಳುವುದನ್ನು ದಿನಾ ಹನ್ನೊಂದು ಗಂಟೆಗೆ ನೋಡಿ ಪುಸ್ತಕದಲ್ಲಿ ಚಿತ್ರ ಬರೆಯುತ್ತಿದ್ದ. ಜ್ವರ 39 ಡಿಗ್ರಿ ಇದ್ದ ದಿನ ಒಂದೇ ಒಂದು ಗೆರೆ ಎಳೆದ. ಆ ಪುಟವನ್ನು ಅವನು ನನಗೆ ಎಲ್ಲಕ್ಕಿಂತ ಮೊದಲು ತೋರಿಸಿದ.

ಫೋನ್ ಬಗ್ಗೆ: ಇಪ್ಪತ್ತು ಜನರ ಕರೆ ತಗೊಳ್ಳುವುದು ಕೆಲಸವಾಗಿಬಿಡುತ್ತದೆ. ಮನೆಯ ಒಬ್ಬರು ಎಲ್ಲರಿಗೂ ಸುದ್ದಿ ಕೊಡಲಿ. ರೋಗಿ ತನಗೆ ಬೇಕಾದವರ ಜೊತೆ ಮಾತ್ರ ಮಾತಾಡಲಿ. ದಿನದ ಕೌಂಟನ್ನು ಪರೀಕ್ಷೆಯ ಮಾರ್ಕ್ಸ್ ಥರ ಕೇಳಬೇಡಿ. ಅದು ಏರುವುದು, ಇಳಿಯುವುದು ಅವರ ಪ್ರಯತ್ನದಿಂದ ಅಲ್ಲ.

ಬಾಯಿ ಹುಣ್ಣಿಗೆ ಮಾರ್ಫಿನ್ ಕೊಡ್ತಾರಂತೆ. ಚಟ ಹತ್ತುತ್ತಾ?

ನೋವಿಗಾಗಿ, ಆಸ್ಪತ್ರೆಯಲ್ಲಿ, ಕೆಲವೇ ದಿನ ಕೊಟ್ಟಾಗ ಚಟವಾಗುವ ಸಾಧ್ಯತೆ ತುಂಬಾ ಕಡಿಮೆ. ಕೌಂಟ್ ಏರುತ್ತಿದ್ದಂತೆ ಹುಣ್ಣು ಮಾಯುತ್ತದೆ, ಡೋಸ್ ನಿಧಾನವಾಗಿ ಇಳಿಸುತ್ತಾರೆ. ನೋವು ಸಹಿಸಿಕೊಂಡರೆ ಏನೂ ಲಾಭವಿಲ್ಲ. ನಿದ್ರೆ ಹೋಗುತ್ತದೆ, ಬಾಯಿ ತೊಳೆಯಲು ಆಗುವುದಿಲ್ಲ, ಮನಸ್ಸು ಕುಸಿಯುತ್ತದೆ. ಮೆಲ್ಫಲಾನ್ ಅನ್ನುವ ಕೀಮೋ ಔಷಧಿ ಕೊಡುವ ದಿನ ಬಾಯಲ್ಲಿ ಐಸ್ ಚೂರು ಇಟ್ಟುಕೊಳ್ಳಲು ಹೇಳಿದರೆ ತಪ್ಪದೆ ಮಾಡಿ. ಅದರಿಂದ ಹುಣ್ಣು ಕಡಿಮೆಯಾಗುತ್ತದೆ.

ನಿನ್ನೆ ರಾತ್ರಿ ಅಮ್ಮ ಗೋಡೆ ಹತ್ತಿರ ಯಾರೋ ನಿಂತಿದ್ದಾರೆ ಅಂದರು. ಇದೇನು?

ಈಗಲೇ ನರ್ಸಿಗೆ ಹೇಳಿ. ಬೆಳಗಾಗುವವರೆಗೆ ಕಾಯಬೇಡಿ. ಇದು ಬಹುಮಟ್ಟಿಗೆ ಡೆಲಿರಿಯಂ. ದೇಹದಲ್ಲಿ ಏನೋ ಏರುಪೇರಾಗಿ ಮೆದುಳು ತಾತ್ಕಾಲಿಕವಾಗಿ ಗೊಂದಲಕ್ಕೆ ಬೀಳುವ ಸ್ಥಿತಿ. ಕಸಿಯ ಮೊದಲ ವಾರಗಳಲ್ಲಿ ಇದು ಅಪರೂಪವಲ್ಲ. ಇನ್ಫೆಕ್ಷನ್, ನೋವಿನ ಔಷಧಿ, ಸ್ಟಿರಾಯ್ಡ್, ರಕ್ಷಣಾಕೋಶಗಳನ್ನು ಹತೋಟಿಯಲ್ಲಿಡುವ ಟ್ಯಾಕ್ರೋಲಿಮಸ್ ಅಥವಾ ಸೈಕ್ಲೋಸ್ಪೋರಿನ್, ಸೋಡಿಯಂ ಅಥವಾ ಮೆಗ್ನೀಷಿಯಂ ಕಡಿಮೆಯಾಗಿರುವುದು, ಕಿಡ್ನಿ ಅಥವಾ ಲಿವರ್ ತೊಂದರೆ, ಯಾವುದೂ ಕಾರಣ ಆಗಿರಬಹುದು. ಕಾರಣ ಹುಡುಕಿ ಸರಿಮಾಡಿದರೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ.

ಗಲಾಟೆ ಮಾಡುವ ಡೆಲಿರಿಯಂ ಎಲ್ಲರ ಕಣ್ಣಿಗೂ ಬೀಳುತ್ತದೆ. ಸುಮ್ನೆ ಮಂಕಾಗಿ ಮಲಗುವ ಡೆಲಿರಿಯಂ ತಪ್ಪಿಹೋಗುತ್ತದೆ. "ಇವತ್ತು ಒಳ್ಳೇ ನಿದ್ರೆ ಮಾಡಿದರು" ಅಂತ ಎಲ್ಲರೂ ಖುಷಿಪಡುತ್ತಾರೆ. ಹಗಲು ರಾತ್ರಿ ಅದಲುಬದಲಾಗುವುದು, ಮಾತು ಅರ್ಧಕ್ಕೆ ಕಡಿಯುವುದು, ಗಂಟೆಗೊಂದು ಥರ ಇರುವುದು, ಇವನ್ನು ಮೊದಲು ಗುರುತಿಸುವವರು ಜೊತೆಗಿರುವ ನೀವೇ. "ಅಲ್ಲಿ ಯಾರೂ ಇಲ್ಲ" ಅಂತ ವಾದಕ್ಕಿಳಿಯಬೇಡಿ. ಕನ್ನಡಕ ಹಾಕಿ, ಲೈಟ್ ಹಾಕಿ, ಕೈ ಹಿಡಿದು "ಅಮ್ಮಾ ನಾನಿದ್ದೀನಿ, ಇದು ಆಸ್ಪತ್ರೆ" ಅಂತ ಮೆಲ್ಲಗೆ ಹೇಳಿ.

"ಧೈರ್ಯವಾಗಿರು" ಅಂತ ದಿನಾ ಹೇಳ್ತೀನಿ. ಆದರೂ ಅವಳು ಮಾತೇ ಆಡಲ್ಲ.

ಆ ಮಾತು ಕೇಳಿಯೇ ಸುಮ್ಮನಾಗಿರಬಹುದು. ನೀವು ಪ್ರೀತಿಯಿಂದಲೇ ಹೇಳುತ್ತೀರಿ. ಅವಳಿಗೆ ಕೇಳಿಸುವುದು "ಭಯ ಆಗ್ತಿದೆ ಅಂತ ನನ್ನ ಹತ್ತಿರ ಹೇಳಬೇಡ" ಅಂತ. ಒಬ್ಬ ಹೆಂಗಸು ದಿನವಿಡೀ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಅವರ ಗಂಡ ದಿನಾ ಧೈರ್ಯ ಹೇಳಿ ಹೇಳಿ ಸೋತಿದ್ದರು. ಒಂದು ಸಂಜೆ ಅವರು "ನನಗೂ ಹೆದರಿಕೆ ಆಗ್ತಿದೆ ಕಣೇ" ಅಂದರಂತೆ. ಆಕೆ ಈ ಕಡೆ ತಿರುಗಿದರು. ಮರುದಿನ ಬಾಗಿಲಲ್ಲಿ ನನ್ನನ್ನು ಕಂಡ ಕೂಡಲೇ ಆಕೆಯೇ ಕರೆದರು.

"ಇವತ್ತು ಯಾವುದು ಜಾಸ್ತಿ ಕಷ್ಟ ಆಯ್ತು?" ಅಂತ ಕೇಳಿ ನೋಡಿ. ಉತ್ತರ ಬಂದರೆ ಅದನ್ನು ಸರಿಪಡಿಸಲು ಓಡಬೇಡಿ. ಕೇಳಿಸಿಕೊಳ್ಳಿ. ಉತ್ತರ ಬರದಿದ್ದರೆ ಪಕ್ಕದಲ್ಲಿ ಕೂತಿರಿ.

ಇದು ಬರೀ ಸುಸ್ತಾ, ಡಿಪ್ರೆಷನ್ನಾ? ಹೇಗೆ ಗೊತ್ತಾಗುತ್ತೆ?

ಊಟ ಸೇರದಿರುವುದು, ನಿದ್ರೆ ಇಲ್ಲದಿರುವುದು, ನಿಶ್ಶಕ್ತಿ ಕಸಿಯಾದ ಹೆಚ್ಚಿನವರಲ್ಲಿ ಇರುತ್ತವೆ. ಹಾಗಾಗಿ ಅವನ್ನು ಮಾತ್ರ ನೋಡಿದರೆ ತಿಳಿಯುವುದಿಲ್ಲ. ಸುಸ್ತಾದವರಿಗೆ ಆಸೆ ಇರುತ್ತದೆ, ಶಕ್ತಿ ಇರುವುದಿಲ್ಲ. ಮಗಳ ವಿಡಿಯೋ ಕಾಲ್ ಬಂದರೆ ಎರಡು ನಿಮಿಷವಾದರೂ ಕಣ್ಣು ಅರಳುತ್ತದೆ. ಡಿಪ್ರೆಷನ್ನಿನಲ್ಲಿ ಆ ಆಸೆಯೇ ಆರಿರುತ್ತದೆ. ತಾನು ಎಲ್ಲರಿಗೂ ಹೊರೆ, ತನ್ನದೇ ತಪ್ಪು, ಏನೂ ಉಪಯೋಗವಿಲ್ಲ ಅನ್ನುವ ಮಾತು ಬರುತ್ತದೆ. ಎರಡು ವಾರ ಹೀಗಿದ್ದರೆ ತಂಡಕ್ಕೆ ಹೇಳಿ.

ಸಾಯಬೇಕು ಅನ್ನಿಸುತ್ತಿದೆ ಅಂದರೆ, ನಳಿಕೆ ಕಿತ್ತುಹಾಕುತ್ತೇನೆ ಅಂದರೆ, ಅದನ್ನು ಜ್ವರದಷ್ಟೇ ತುರ್ತು ಅಂತ ತಿಳಿಯಿರಿ. ಒಬ್ಬರನ್ನೇ ಬಿಡಬೇಡಿ, ಆಗಲೇ ಹೇಳಿ. ನೇರವಾಗಿ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ.

## ಜೊತೆಗಿರುವವರು, ಕೊಟ್ಟವರು, ಮಕ್ಕಳು

ನಾನು ಕುಸಿದರೆ ಅವರನ್ನು ಯಾರು ನೋಡ್ತಾರೆ? ನಾನು ಅಳಬಹುದಾ?

ಅಳಬಹುದು. ಜೊತೆಗಿರುವವರ ಆತಂಕ ಎಷ್ಟೋ ಸಲ ರೋಗಿಗಿಂತ ಜಾಸ್ತಿ ಇರುತ್ತದೆ. ರೋಗಿಗೆ ಔಷಧಿಯ ಮಂಪರಾದರೂ ಇರುತ್ತದೆ, ನಿಮಗೆ ಅದೂ ಇಲ್ಲ. ಅಲೋಜೆನಿಕ್ ಕಸಿಯಲ್ಲಿ ಸುಮಾರು 100 ದಿನ ಹಗಲೂ ರಾತ್ರಿ ಒಬ್ಬರು ಜೊತೆಗಿರಬೇಕು ಅನ್ನುತ್ತಾರೆ. "ಒಬ್ಬರು" ಅಂದರೆ ಒಬ್ಬರೇ ವ್ಯಕ್ತಿ ಅಂತಲ್ಲ. ಎರಡನೆಯವರನ್ನು ಮೊದಲ ವಾರದಲ್ಲೇ ಗೊತ್ತುಮಾಡಿ, ಮಾತ್ರೆಗಳ ಪಟ್ಟಿ ಕಲಿಸಿಬಿಡಿ. ನಿಮ್ಮ ಬಿಪಿ ಮಾತ್ರೆ, ನಿಮ್ಮ ಊಟ, ದಿನಕ್ಕೊಂದು ಸಲ ಆಸ್ಪತ್ರೆಯ ಹೊರಗಿನ ಗಾಳಿ ಇವನ್ನು ಬಿಡಬೇಡಿ. "ಏನಾದರೂ ಸಹಾಯ ಬೇಕಾ?" ಅಂದವರಿಗೆ ಒಂದು ನಿರ್ದಿಷ್ಟ ಕೆಲಸ ಹೇಳಿ: ಗುರುವಾರ ಸಂಜೆ ಮೂರು ಗಂಟೆ ಕೂರಲಿ, ಬಿಲ್ ಕಟ್ಟಿಬರಲಿ.

ತಮ್ಮನೇ ಡೋನರ್. ಅಕ್ಕನಿಗೆ ತೊಂದರೆ ಆದಾಗಿಂದ "ನನ್ನ ಸೆಲ್ಸೇ ಸರಿಯಿಲ್ಲ" ಅಂತ ಕೊರಗ್ತಾನೆ.

ಕೊಟ್ಟವರ ಬಗ್ಗೆ ಯಾರೂ ಯೋಚಿಸುವುದಿಲ್ಲ. ಕೊಡುವ ದಿನ ಅವರು ಹೀರೋ. ಮರುವಾರ ಎಲ್ಲರೂ ಮರೆತಿರುತ್ತಾರೆ. ಜಿವಿಎಚ್‌ಡಿ ಬಂದಾಗ, ಅಂದರೆ ಡೋನರಿನ ರಕ್ಷಣಾಕೋಶಗಳು ರೋಗಿಯ ಚರ್ಮ, ಕರುಳು, ಲಿವರನ್ನು ಪರಕೀಯ ಅಂತ ತಿಳಿದು ದಾಳಿ ಮಾಡಿದಾಗ, "ನನ್ನ ಸೆಲ್ಸ್ ಅಕ್ಕನನ್ನು ಸುಡ್ತಿವೆ" ಅನ್ನಿಸುತ್ತದೆ. ಅವನಿಗೆ ಡಾಕ್ಟರ ಬಾಯಿಂದಲೇ ಹೇಳಿಸಿ: ಅದು ಆರೋಗ್ಯವಂತ ಕೋಶಗಳು ಮಾಡುವ ಕೆಲಸವೇ. ಅವೇ ಕೋಶಗಳು ಉಳಿದಿರುವ ಕ್ಯಾನ್ಸರ್ ಕೋಶಗಳನ್ನೂ ಹುಡುಕಿ ಕೊಲ್ಲುತ್ತವೆ. ಯಾರೂ ಒಳ್ಳೆಯ ಸೆಲ್, ಕೆಟ್ಟ ಸೆಲ್ ಅಂತ ಆರಿಸಿ ಕೊಡಲು ಆಗುವುದಿಲ್ಲ. ಕೊಡುವ ಮುಂಚೆಯೇ ಡೋನರ್ ಜೊತೆ ಬೇರೆ ಕೂತು ಮಾತಾಡುವವರು ಒಬ್ಬರಿರಬೇಕು. "ಬೇಡ" ಅನ್ನುವ ಸ್ವಾತಂತ್ರ್ಯವೂ ಅವರಿಗೆ ಇರಬೇಕು.

ಐದು ವರ್ಷದ ಮಗುವಿಗೆ ಏನಂತ ಹೇಳೋದು?

ನಿಜ ಹೇಳಿ, ಚಿಕ್ಕದಾಗಿ ಹೇಳಿ. "ನೋವಾಗಲ್ಲ" ಅಂತ ಹೇಳಿ ಚುಚ್ಚಿಸಿದರೆ ಮುಂದಿನ ಸಲ ನಿಮ್ಮನ್ನು ನಂಬುವುದಿಲ್ಲ. ಈ ವಯಸ್ಸಿನವರಿಗೆ ತಾನು ತಪ್ಪು ಮಾಡಿದ್ದಕ್ಕೇ ಹೀಗಾಯಿತು ಅನ್ನಿಸುತ್ತದೆ. "ನಿನ್ನ ತಪ್ಪಲ್ಲ" ಅನ್ನುವುದನ್ನು ಕೇಳದಿದ್ದರೂ ಹೇಳಿ, ಮತ್ತೆ ಮತ್ತೆ ಹೇಳಿ. ತೊಳೆಯಬಹುದಾದ ಒಂದು ಗೊಂಬೆ ತಂದು ಅದರ ಎದೆಗೂ ಒಂದು ಟ್ಯೂಬ್ ಅಂಟಿಸಿಕೊಡಿ. ಮಗು ಡಾಕ್ಟರಾಗಿ ಗೊಂಬೆಗೆ ಸಮಾಧಾನ ಹೇಳುವುದನ್ನು ಕೇಳಿಸಿಕೊಂಡರೆ ಅದರ ಭಯ ಯಾವುದು ಅಂತ ನಿಮಗೇ ಗೊತ್ತಾಗುತ್ತದೆ. ಮನೆಯಲ್ಲಿ ಉಳಿದ ಇನ್ನೊಂದು ಮಗುವಿಗೂ ದಿನಾ ಹತ್ತು ನಿಮಿಷ ಫೋನ್ ಮಾಡಿ. ಆ ಹತ್ತು ನಿಮಿಷ ಕಾಯಿಲೆಯ ಮಾತು ಬೇಡ.

## ಮನೆಗೆ ಬಂದ ಮೇಲೆ

ಡಿಸ್ಚಾರ್ಜ್ ಆಯ್ತು. ಎಲ್ಲರೂ ಖುಷಿಯಾಗಿದ್ದಾರೆ. ನನಗ್ಯಾಕೆ ಭಯ?

ರೂಮಿನಲ್ಲಿ ಬೆಲ್ ಒತ್ತಿದರೆ ನರ್ಸ್ ಬರುತ್ತಿದ್ದರು. ಮನೆಯಲ್ಲಿ ಬೆಲ್ ಇಲ್ಲ. ಕಾವಲು ತೆಗೆದ ಹಾಗೆ ಅನ್ನಿಸುವುದು ಸಹಜ. ಯಾವುದಕ್ಕೆ ಫೋನ್ ಮಾಡಬೇಕು ಅನ್ನುವುದನ್ನು ಬರೆಸಿಕೊಂಡು ಗೋಡೆಗೆ ಅಂಟಿಸಿ. ಜ್ವರ 38 ಡಿಗ್ರಿ ಮುಟ್ಟಿದರೆ ಯಾವ ಹೊತ್ತಿಗಾದರೂ ಸರಿ, ಕಾಯದೆ ಕರೆ ಮಾಡಿ. ಪಟ್ಟಿ ಕಣ್ಣ ಮುಂದಿದ್ದರೆ ತಲೆಯೊಳಗೆ ಸುತ್ತುವುದು ಕಡಿಮೆಯಾಗುತ್ತದೆ. ಸುಸ್ತು ತಿಂಗಳುಗಟ್ಟಲೆ ಇರುತ್ತದೆ, ವರ್ಷವೂ ಆಗಬಹುದು. ಅದು ಸೋಮಾರಿತನ ಅಲ್ಲ. ದಿನಾ ಸ್ವಲ್ಪ ಸ್ವಲ್ಪ ನಡೆಯುವುದು ಮಲಗಿರುವುದಕ್ಕಿಂತ ಒಳ್ಳೆಯದು.

ಓದಿದ್ದು ತಲೆಯಲ್ಲಿ ನಿಲ್ಲಲ್ಲ. ಹೀಗೇ ಇರುತ್ತಾ?

ಬಹಳ ಜನರಿಗೆ ಹೀಗಾಗುತ್ತದೆ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ಸುಧಾರಿಸುತ್ತದೆ. ಕೆಲವರಿಗೆ ಸ್ವಲ್ಪ ಉಳಿಯುತ್ತದೆ. ಬರೆದಿಟ್ಟುಕೊಳ್ಳಿ, ಒಂದು ಸಲಕ್ಕೆ ಒಂದೇ ಕೆಲಸ ಮಾಡಿ. ಜಾಸ್ತಿಯಾಗುತ್ತಿದ್ದರೆ ಡಾಕ್ಟರಿಗೆ ತೋರಿಸಿ.

ಅಣ್ಣನ ಸೆಲ್ಸ್ ಹಾಕಿದ್ದಾರೆ. ನನ್ನ ಸ್ವಭಾವವೂ ಅವನ ಥರ ಆಗುತ್ತಾ?

ಆಗುವುದಿಲ್ಲ. ಬ್ಲಡ್ ಗ್ರೂಪ್ ಬೇರೆ ಇದ್ದರೆ ಕೆಲವು ತಿಂಗಳಲ್ಲಿ ಅವನದ್ದಕ್ಕೆ ಬದಲಾಗುತ್ತದೆ. ನಿಮ್ಮ ರಕ್ತದ ಡಿಎನ್‌ಎ ಪರೀಕ್ಷೆಯಲ್ಲೂ ಅವನದ್ದೇ ಕಾಣುತ್ತದೆ. ಮೆದುಳು, ನೆನಪು, ಸಿಟ್ಟು, ಪ್ರೀತಿ ನಿಮ್ಮವೇ. ಆದರೆ ಸ್ಟಿರಾಯ್ಡ್ ತಗೊಳ್ಳುವಾಗ ಸಿಡುಕು, ಅಳು, ರಾತ್ರಿಯಿಡೀ ಎಚ್ಚರ, ವಿಪರೀತ ಉತ್ಸಾಹ ಬರಬಹುದು. ಅದು ಔಷಧಿಯ ಕೆಲಸ. ಮನೆಯವರಿಗೂ ತಿಳಿಸಿಡಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಗಂಡ-ಹೆಂಡತಿ ಥರ ಇರೋಕೆ ಆಗ್ತಿಲ್ಲ. ಇದನ್ನ ಯಾರ ಹತ್ತಿರ ಕೇಳೋದು?

ಕಸಿ ತಂಡದ ಹತ್ತಿರವೇ. ನಾಚಿಕೆ ಅನ್ನಿಸಿದರೆ ಚೀಟಿಯಲ್ಲಿ ಬರೆದು ಕೊಡಿ, ಹಾಗೆ ಕೊಟ್ಟವರಿದ್ದಾರೆ. ಹೆಂಗಸರಿಗೆ ಮುಟ್ಟು ಬೇಗ ನಿಂತು ಒಣಗುವಿಕೆ, ನೋವು ಬರಬಹುದು. ಜಿವಿಎಚ್‌ಡಿ ಯೋನಿಯಲ್ಲೂ ಬರುತ್ತದೆ, ಅದನ್ನು ಬೇಗ ತೋರಿಸಿದಷ್ಟೂ ಒಳ್ಳೆಯದು. ಗಂಡಸರಿಗೆ ಹಾರ್ಮೋನ್ ಕಡಿಮೆಯಾಗಿರಬಹುದು. ಇವಕ್ಕೆಲ್ಲ ಚಿಕಿತ್ಸೆ ಇದೆ. ಕೌಂಟ್, ಪ್ಲೇಟ್ಲೆಟ್ ಎಷ್ಟಿದ್ದರೆ ಸುರಕ್ಷಿತ, ಕಾಂಡೋಮ್ ಎಷ್ಟು ದಿನ ಬೇಕು ಅಂತ ಕೇಳಿಕೊಳ್ಳಿ. ಅಲ್ಲಿಯವರೆಗೆ ಪಕ್ಕದಲ್ಲಿ ಮಲಗುವುದು, ತಬ್ಬಿಕೊಳ್ಳುವುದು ಬಿಡಬೇಕಾಗಿಲ್ಲ.

## ಇನ್ನೂ ಕಷ್ಟದ್ದು

ಡಿಪ್ರೆಷನ್ ಮಾತ್ರೆ ಕಸಿಯ ಔಷಧಿಗಳ ಜೊತೆ ನಡೆಯುತ್ತಾ?

ನಡೆಯುತ್ತದೆ, ಆರಿಸಿ ಕೊಡಬೇಕು. ಎಸಿಟಲೋಪ್ರಾಮ್ ಥರದ ಮಾತ್ರೆ, ವೊರಿಕೊನಜೋಲ್ ಥರದ ಫಂಗಸ್ ಔಷಧಿ, ವಾಂತಿಗೆ ಒಂಡಾನ್‌ಸೆಟ್ರಾನ್ ಮೂರೂ ಸೇರಿದರೆ ಹೃದಯದ ಲಯಕ್ಕೆ ತೊಂದರೆ ಆಗಬಹುದು. ಅದಕ್ಕೇ ಇಸಿಜಿ ತೆಗೆಯುತ್ತಾರೆ. ಫ್ಲುವಾಕ್ಸಮೈನ್ ಅನ್ನುವ ಡಿಪ್ರೆಷನ್ ಮಾತ್ರೆ ರಕ್ತದಲ್ಲಿ ಟ್ಯಾಕ್ರೋಲಿಮಸ್, ಸೈಕ್ಲೋಸ್ಪೋರಿನ್ ಮಟ್ಟ ಏರಿಸುತ್ತದೆ. ಲಿನೆಜೋಲಿಡ್ ಆಂಟಿಬಯಾಟಿಕ್ ಜೊತೆ ಹಲವು ಡಿಪ್ರೆಷನ್ ಮಾತ್ರೆಗಳು ಹೊಂದುವುದಿಲ್ಲ. ಕೆಲವು ಮಾತ್ರೆಗಳಿಂದ ಪ್ಲೇಟ್ಲೆಟ್ ಕಡಿಮೆ ಇದ್ದಾಗ ರಕ್ತಸ್ರಾವದ ಭಯ ಜಾಸ್ತಿ. ನಿದ್ರೆ, ಹಸಿವು, ಓಕರಿಕೆ ಮೂರೂ ತೊಂದರೆ ಇರುವವರಿಗೆ ಮಿರ್ಟಜಪೈನ್ ಆರಿಸುವುದುಂಟು. ಗಿಡಮೂಲಿಕೆ ತಾನೇ ಅಂತ ಸೇಂಟ್ ಜಾನ್ಸ್ ವರ್ಟ್ ತಗೊಳ್ಳಲೇಬೇಡಿ. ಅದು ಟ್ಯಾಕ್ರೋಲಿಮಸ್ ಮಟ್ಟವನ್ನು ಇಳಿಸಿ ಅಪಾಯ ತರುತ್ತದೆ. ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ ಪೂರ್ತಿ ಔಷಧಿ ಪಟ್ಟಿ ಕೈಯಲ್ಲಿರಲಿ.

ಪಕ್ಕದ ರೂಮಿನ ಹುಡುಗ ಹೋದ. ನಾನ್ಯಾಕೆ ಉಳಿದೆ ಅನ್ಸುತ್ತೆ.

ವಾರ್ಡಿನಲ್ಲಿ ಯಾರೂ ಹೇಳದಿದ್ದರೂ ಗೊತ್ತಾಗಿಬಿಡುತ್ತದೆ. ಆ ರೂಮಿನ ಹೊರಗೆ ಚಪ್ಪಲಿ ಇರುವುದಿಲ್ಲ. ನೀವು ಉಳಿದದ್ದರಿಂದ ಅವನ ಪಾಲಿನದು ಏನೂ ಕಡಿಮೆಯಾಗಲಿಲ್ಲ. ಆದರೂ ಆ ಭಾವನೆ ತರ್ಕಕ್ಕೆ ಬಗ್ಗುವುದಿಲ್ಲ ಅಂತ ನನಗೆ ಗೊತ್ತು. ಅವನ ಬಗ್ಗೆ ಮಾತಾಡಿ. ಇಬ್ಬರೂ ಫೋನಿನಲ್ಲಿ ಆಡುತ್ತಿದ್ದ ಆಟ, ಅವನು ಹೇಳಿದ ಜೋಕ್ ಯಾವುದಾದರೂ ಸರಿ. ಅವನ ಮನೆಯವರಿಗೆ ಎರಡು ಸಾಲು ಬರೆಯಬೇಕು ಅನ್ನಿಸಿದರೆ ಬರೆಯಿರಿ. ಕೆಟ್ಟ ಕನಸು, ಆಸ್ಪತ್ರೆಯ ವಾಸನೆ ಬಂದರೆ ಎದೆ ಹೊಡೆದುಕೊಳ್ಳುವುದು ತಿಂಗಳಾದರೂ ನಿಲ್ಲದಿದ್ದರೆ ಅದು ಆಘಾತದ ಲಕ್ಷಣ. ಅದಕ್ಕೆ ಮಾತಿನ ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡುತ್ತದೆ.

ಕಾಯಿಲೆ ವಾಪಸ್ ಬಂದರೆ?

ಪ್ರತಿ ರಿಪೋರ್ಟಿನ ಹಿಂದಿನ ರಾತ್ರಿ ಈ ಪ್ರಶ್ನೆ ಬರುತ್ತದೆ. ವರ್ಷಗಳು ಕಳೆದಂತೆ ಭಯದ ಹಿಡಿತ ಸಡಿಲವಾಗುತ್ತದೆ. ರಿಪೋರ್ಟಿನ ದಿನ ಒಬ್ಬರೇ ಹೋಗಬೇಡಿ. ಫಲಿತಾಂಶವನ್ನು ಫೋನಿನಲ್ಲಿ ಕೇಳಬೇಕಾ, ಎದುರು ಕೂತು ಕೇಳಬೇಕಾ ಅಂತ ಮೊದಲೇ ಡಾಕ್ಟರಿಗೆ ಹೇಳಿಡಿ.

ಬಂದೇಬಿಟ್ಟರೆ ದಾರಿಗಳು ಇಲ್ಲವೆಂದಲ್ಲ. ಕೆಲವರಿಗೆ ಡೋನರಿನ ಲಿಂಫೋಸೈಟ್, ಅಂದರೆ ರಕ್ಷಣಾಕೋಶ, ಮತ್ತೆ ಕೊಡುತ್ತಾರೆ, ಕೆಲವರಿಗೆ ಹೊಸ ಔಷಧಿ, ಕೆಲವರಿಗೆ ಎರಡನೇ ಕಸಿ. ಇದರಿಂದ ಏನು ಸಿಗಬಹುದು, ಎಷ್ಟು ದಿನ ಆಸ್ಪತ್ರೆಯಲ್ಲಿ ಇರಬೇಕು, ಏನೂ ಮಾಡದಿದ್ದರೆ ಹೇಗಿರುತ್ತದೆ ಅಂತ ಮೂರನ್ನೂ ಕೇಳಿ. ಉತ್ತರ ಬರೆದುಕೊಳ್ಳಲು ಜೊತೆಗೆ ಬಂದವರಿಗೆ ಹೇಳಿ. ಆ ಹೊತ್ತಿನಲ್ಲಿ ಕಿವಿಗೆ ಅರ್ಧ ಮಾತು ಬೀಳುವುದಿಲ್ಲ. ಅವತ್ತೇ ತೀರ್ಮಾನ ಮಾಡಲೇಬೇಕಾ ಅಂತಲೂ ಕೇಳಿ. ಒಂದೆರಡು ದಿನ ಸಮಯ ಇದೆ ಅಂದರೆ ಮನೆಗೆ ಹೋಗಿ, ಮಲಗಿ ಎದ್ದು, ಆಮೇಲೆ ಮಾತಾಡಿ.